ಅವ್ವ ಉಪ್ಪು ಬಿಟ್ಟ ಬೇಸಿಗೆ

ಗೋಕಾಕದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಹುಡುಗಿಯರಿಗೆ ರೋಗ ಹೇಗೆ ಹುಟ್ಟುತ್ತದೆ ಎಂಬುದನ್ನು ಕಲಿಸುತ್ತೇನೆ. ಮದ್ದು ಕೊಡುವವರು ಡಾಕ್ಟರು. ಮೈ ಯಾಕೆ ಕೆಟ್ಟಿತು ಎಂದು ಹೇಳುವುದಷ್ಟೇ ನನ್ನ ಪಾಲಿನ ಕೆಲಸ. ಪುಸ್ತಕದಲ್ಲಿದ್ದಂತೆ ಹೇಳಿದರೆ ಹಿಂದಿನ ಬೆಂಚಿನವರು ನಿದ್ದೆ ಹೋಗುತ್ತಾರೆ. ಅದಕ್ಕೇ ಎಲ್ಲವನ್ನೂ ನಮ್ಮ ಮನೆಯವರ ಮೇಲೆ ಹಾಕಿ ಹೇಳುತ್ತೇನೆ. ಉರಿಯೂತ ಎಂದರೇನು? ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು, ಕಡೆಗೆ ಆ ಅಂಗ ಕೆಲಸಕ್ಕೆ ಬಾರದಂತಾಗುವುದು. ನನ್ನನ್ನು ನೋಡಲು ಗಂಡಿನವರು ಬಂದುಹೋದ ದಿನ ತುಕ್ಕಾನಟ್ಟಿಯ ನಮ್ಮ ಮನೆಗೆ ಈ ಐದೂ ಒಟ್ಟಿಗೇ ಬರುತ್ತಿದ್ದವು. ಅಣ್ಣನ ಮುಖ ಕೆಂಪಾಗುತ್ತಿತ್ತು, ಅವ್ವನ ಮಾತು ಬಿಸಿಯಾಗುತ್ತಿತ್ತು, ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಗಲ್ಲ ಊದಿಸಿಕೊಂಡು ಕೂಡುತ್ತಿದ್ದಳು, ನನ್ನ ತಲೆ ನೋಯುತ್ತಿತ್ತು, ಸಂಜೆಗೆ ಯಾರೂ ಒಲೆಯ ಕಡೆ ಹೋಗುತ್ತಿರಲಿಲ್ಲ.

ರೋಗನಿರೋಧಕ ಶಕ್ತಿಗೆ ನೆನಪು ಎಂಬುದೊಂದು ಇರುತ್ತದೆ ಎಂದು ಹೇಳುವಾಗಲೂ ವೈನಿಯೇ ನನ್ನ ಕೈಹಿಡಿಯುವವಳು. ಅವಳ ಮದುವೆಯಲ್ಲಿ ಅವಳ ಸೀರೆ ನೋಡಿ ನಾನು ನಕ್ಕದ್ದು ಒಂದೇ ಒಂದು ಸಲ. ಆವಾಗ ಅವಳಿಗೆ ಸಿಟ್ಟು ಬರಲು ವಾರ ಹಿಡಿಯಿತು. ಈಗ ನಾನು ಸೀರೆ ಎಂಬ ಮಾತು ಎತ್ತಿದರೆ ಸಾಕು, ಪೂರ್ತಿ ಹೇಳಿ ಮುಗಿಸುವುದರೊಳಗೆ ಮೈಮೇಲೆ ಬರುತ್ತಾಳೆ. ಮೊದಲ ಸೋಂಕಿಗೆ ದೇಹ ನಿಧಾನ, ಎರಡನೆಯದಕ್ಕೆ ತಯಾರಾಗಿ ಕೂತಿರುತ್ತದೆ. ಹುಡುಗಿಯರು ಇದನ್ನು ಸತ್ತರೂ ಮರೆಯುವುದಿಲ್ಲ. ಒಬ್ಬಳಂತೂ ಉತ್ತರಪತ್ರಿಕೆಯಲ್ಲಿ ನಮ್ಮ ವೈನಿಯ ಸೀರೆಯ ಸಂಗತಿಯನ್ನೇ ಬರೆದಿಟ್ಟಿದ್ದಳು.

ಆದರೆ ದೇಹದೊಳಗಿನ ಉಪ್ಪು ನೀರಿನ ಪಾಠಕ್ಕೆ ನಮ್ಮ ಮನೆಯಲ್ಲಿ ಉದಾಹರಣೆ ಇರಲಿಲ್ಲ. ಅದನ್ನು ಅವ್ವ ಒದಗಿಸಿಕೊಟ್ಟಳು, ಅದೂ ನನ್ನ ಜೀವ ತಿಂದು.

ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ದಡ್ಡಿ ಕಡೆಯ ಗಂಡಿನವರು ಬಂದಿದ್ದರು. ನದಿದಂಡೆಯ ಹೊಲ, ಕಬ್ಬು, ಹೊಸ ಮನೆ, ಎಲ್ಲ ಇತ್ತು. ನನಗೆ ಮೂವತ್ತು ದಾಟಿತ್ತು; ಆ ಕಾರಣಕ್ಕೆ ನಾನು ಬಾಯಿ ಮುಚ್ಚಿಕೊಂಡಿರಬೇಕೆಂದು ಮನೆಯಲ್ಲಿ ಮೊದಲೇ ಠರಾವಾಗಿತ್ತು. ಚುರಮುರಿ ಸೂಸಲಾ ತಿನ್ನುತ್ತ ಹುಡುಗ ಕೇಳಿದ, "ಲಗ್ನಾದ ಮ್ಯಾಲ ನೌಕರಿ ಬಿಡ್ತೀರಲ್ಲರಿ?" ನಾನು ಅಷ್ಟೇ ಮರ್ಯಾದೆಯಿಂದ ಕೇಳಿದೆ, "ನೀವು ಹೊಲಾ ಬಿಡ್ತೀರಲ್ಲರಿ?" ಹುಡುಗನ ತಾಯಿ ಸೂಸಲಾದ ತಾಟನ್ನು ಅರ್ಧಕ್ಕೇ ಕೆಳಗಿಟ್ಟರು. ಚಹಾ ಬರುವುದರೊಳಗೆ ಅವರ ಗಾಡಿ ಊರ ಅಗಸಿ ದಾಟಿತ್ತು.

ಅವ್ವ ಬೈಯಲಿಲ್ಲ. ಅಲ್ಲೇ ನನಗೆ ಹೆದರಿಕೆ ಹುಟ್ಟಬೇಕಿತ್ತು. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಗುಡಿಗೂ ಹೋಗಿಬಂದು ನಡುಮನೆಯಲ್ಲಿ ನಿಂತಳು.

"ನಿನ್ನ ತಲೀ ಮ್ಯಾಲ ಲಗ್ನದ ಅಕ್ಕಿಕಾಳ ಬೀಳೂತನಾ ನಾ ಉಪ್ಪು ಮುಟ್ಟಾಂಗಿಲ್ಲ. ಮನಿದೇವ್ರ ಮುಂದ ಹೇಳಿ ಬಂದೇನಿ."

ನಮ್ಮ ಕಡೆ ಇಂಥ ಹರಕೆ ಹೊಸದೇನಲ್ಲ. ಒಬ್ಬರು ಮೊಮ್ಮಗ ಹುಟ್ಟುವ ತನಕ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಇನ್ನೊಬ್ಬರು ಬೋರಿಗೆ ನೀರು ಬೀಳುವ ತನಕ ಚಪ್ಪಲಿ ಮೆಟ್ಟುವುದಿಲ್ಲ. ಆದರೆ ಪೂರ್ತಿ ಉಪ್ಪು ಬಿಡುವವರು ಕಡಿಮೆ. ಓಣಿಯ ಹೆಂಗಸರು ಬಂದು ಅವ್ವನ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ನನ್ನನ್ನು ಮಾತ್ರ ತಾಯಿಯ ಬಾಯಿಂದ ಉಪ್ಪು ಕಸಿದುಕೊಂಡವಳಂತೆ ನೋಡಿಹೋದರು.

ಅಣ್ಣನಿಗೆ ಖುಷಿಯೋ ಖುಷಿ. ಅವ್ವನಿಗೆ ರಕ್ತದೊತ್ತಡ ಇತ್ತು, ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಹೇಳಿ ಸಾಕಾಗಿದ್ದರು. "ಛಲೋನ ಆತಲ್ಲ. ದೇವ್ರಿಗೂ ಆತು, ಬಿಪಿಗೂ ಆತು," ಎಂದ.

"ಅಣ್ಣಾ, ಕಮ್ಮಿ ಮಾಡೂದು ಬ್ಯಾರೆ, ಬಿಡೂದು ಬ್ಯಾರೆ. ಆಕೀ ಬಿಪಿಗೆ ಮೂತ್ರಾ ಹೆಚ್ಚ ಮಾಡೂ ನೀರಿನ ಗುಳಿಗಿ ತಗೋತಾಳ. ಡಾಕ್ಟರಗ ಹೇಳಿ ಗುಳಿಗಿ ಬದಲ ಮಾಡಿಸ್ಕೊಂಡ ಬಾ."

"ಹೂಂ, ಮಾಡಸೂಣು," ಎಂದ ಅಣ್ಣ. ಅವನ 'ಮಾಡಸೂಣು' ಎಂಥದು ಎಂದು ನಮ್ಮ ಬಚ್ಚಲುಮನೆಯ ನಳಕ್ಕೆ ಚೆನ್ನಾಗಿ ಗೊತ್ತು. ಅದು ಹತ್ತು ವರ್ಷದಿಂದ ಸೋರುತ್ತಿದೆ.

ನಾನು ಅವ್ವನನ್ನೇ ಹಿಡಿದೆ. "ಅವ್ವಾ, ಬಿಡ ಈ ಹಟಾ."

"ನೀ ಹೂಂ ಅನ್ನು. ಇವತ್ತ ಸಂಜೀಕ ಉಪ್ಪಿನಕಾಯಿ ತಿಂತೇನಿ."

ಹೇಗಿದೆ ನೋಡಿ ವ್ಯವಹಾರ! ದೇವರನ್ನು ನಡುವೆ ಕೂಡಿಸಿಕೊಂಡು ನನಗೆ ಹಾಕಿದ ಗಾಳ ಅದು. ನಾನೂ ಅವಳ ಮಗಳೇ, ಹೂಂ ಅನ್ನಲಿಲ್ಲ. ನಾಲ್ಕು ದಿನ ಸಪ್ಪನೆ ಉಂಡು ಹಟ ಬಿಡುತ್ತಾಳೆ ಎಂದುಕೊಂಡು ಗೋಕಾಕದ ನನ್ನ ಬಾಡಿಗೆ ಕೋಣೆಗೆ ಹೊರಟುಬಂದೆ.

ಅವ್ವ ಬಿಡಲಿಲ್ಲ. ಸಪ್ಪನೆಯ ರೊಟ್ಟಿ, ಸಪ್ಪನೆಯ ಪಲ್ಯ, ಸಪ್ಪನೆಯ ಬೇಳೆ. ಉಪ್ಪಿಲ್ಲದ ರೊಟ್ಟಿ ಗಂಟಲಲ್ಲಿ ಇಳಿಯಬೇಕಲ್ಲ? ಒಂದೊಂದು ತುತ್ತಿಗೆ ಒಂದೊಂದು ಗುಟುಕು ನೀರು. ಜೊತೆಗೆ ಮೂಡಲಗಿ ಸೀಮೆಯ ಬಿಸಿಲು. ಅದರ ಮೇಲೆ ವೈನಿಯ ಮೊಬೈಲಿನಲ್ಲಿ ಯಾವನೋ ಗಡ್ಡದವ, ನೀರು ಕುಡಿದಷ್ಟೂ ಮೈಯೊಳಗಿನ ವಿಷ ತೊಳೆದುಹೋಗುತ್ತದೆ ಎಂದು ಹೇಳುತ್ತಿದ್ದ. ವೈನಿ ಅತ್ತೆಯ ಮೇಲಿನ ಪ್ರೀತಿಯಿಂದಲೇ ತಂಬಿಗೆ ತುಂಬಿ ತುಂಬಿ ಕೊಟ್ಟಳು. ಬಿಪಿಯ ಗುಳಿಗೆ ಮೂತ್ರದಲ್ಲಿ ಉಪ್ಪನ್ನು ಹೊರಗೆ ತಳ್ಳುತ್ತಿತ್ತು, ಬಾಯಿಂದ ಹೊಸ ಉಪ್ಪು ಒಳಗೆ ಬರುತ್ತಿರಲಿಲ್ಲ, ನೀರು ಮಾತ್ರ ಬರುತ್ತಲೇ ಇತ್ತು.

ರಕ್ತದಲ್ಲಿ ಉಪ್ಪು ತೆಳುವಾದರೆ ನೀರು ಅಲ್ಲಿ ನಿಲ್ಲುವುದಿಲ್ಲ, ಉಪ್ಪು ಹೆಚ್ಚಿರುವ ಜೀವಕೋಶಗಳ ಒಳಗೆ ನುಗ್ಗುತ್ತದೆ. ಕೋಶಗಳು ಊದುತ್ತವೆ. ಕೈಕಾಲಿನ ಕೋಶ ಊದಿದರೆ ಸುತ್ತ ಜಾಗವಿದೆ. ಮಿದುಳಿಗೆ ಎಲ್ಲಿಯ ಜಾಗ? ಕಡಲೆಯನ್ನು ಡಬ್ಬಿಯ ತುಂಬ ತುಂಬಿ, ನೀರು ಹಾಕಿ, ಮುಚ್ಚಳ ಬಿಗಿದಿಟ್ಟು ನೋಡಿ ಎಂದು ನಾನು ಹುಡುಗಿಯರಿಗೆ ಹೇಳುವುದುಂಟು. ತಲೆಬುರುಡೆ ಅಂಥ ಡಬ್ಬಿ.

ಮೊದಲು ತಲೆನೋವು ಎಂದಳು, ವಾಕರಿಕೆ ಎಂದಳು. ಬಿಸಿಲು ಎಂದರು ಎಲ್ಲರೂ. ಆಮೇಲೆ ಶುರುವಾಯಿತು ತಮಾಷೆ. ಟಿವಿಯಲ್ಲಿ ವಾರ್ತೆ ಓದುವವನಿಗೆ, "ಕುಂದರೋ ತಮ್ಮಾ, ಚಹಾ ಕುಡದ ಹೋಗು," ಎಂದಳಂತೆ. ವೈನಿಯನ್ನು ತನ್ನ ಸತ್ತುಹೋದ ನಾದಿನಿ ಎಂದು ತಿಳಿದು, ನನ್ನ ಬೋರಮಾಳ ಸರ ಯಾವಾಗ ತಿರುಗಿ ಕೊಡ್ತಿ ಎಂದು ಜಗಳ ತೆಗೆದಳಂತೆ. ಅಣ್ಣನಿಗಂತೂ ಎಲ್ಲರೆದುರೇ, "ನೀ ಸಣ್ಣಾಂವ ಇದ್ದಾಗಿಂದ್ಲೂ ಬರೇ ಬಾಯಿ ಮಾತಿನ ಮನಷ್ಯಾ," ಎಂದುಬಿಟ್ಟಳು. ಮಿದುಳು ಊದಿದಾಗ ಸುಳ್ಳು ಹೇಳುವ ಶಕ್ತಿ ಮೊದಲು ಹೋಗುತ್ತದೆಯೋ ಏನೋ, ಯಾವ ಪುಸ್ತಕದಲ್ಲೂ ಬರೆದಿಲ್ಲ.

ವೈನಿ ಇದನ್ನೆಲ್ಲ ವಿಡಿಯೋ ಮಾಡಿ, ನಗುವ ಮುಖಗಳನ್ನು ಸಾಲಾಗಿ ಅಂಟಿಸಿ ನನಗೆ ಕಳಿಸಿದಳು. ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಅಣ್ಣನ ಮುಖ ಕಂಡು ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ವಿಡಿಯೋದಲ್ಲಿ ಅವ್ವ ಎದ್ದು ನಿಂತಳು. ಎರಡೂ ಕಾಲು ಅಗಲಿಸಿ, ಗೋಡೆ ಹಿಡಿದು, ಈಗಷ್ಟೇ ನಡೆಯಲು ಕಲಿತ ಕೂಸಿನ ಹಾಗೆ ಒಂದೊಂದೇ ಹೆಜ್ಜೆ ಇಟ್ಟಳು. ಅದೇ ವಾರ, ಉಪ್ಪು ಇಳಿದವರು ಹೀಗೆ ನಡೆಯುತ್ತಾರೆ ಎಂದು, ಈ ನಡಿಗೆಯನ್ನು ನಾನೇ ಕ್ಲಾಸಿನಲ್ಲಿ ನಡೆದು ತೋರಿಸಿದ್ದೆ.

ಫೋನ್ ಹಚ್ಚಿದೆ. ಅಲ್ಲಿ ಗಾಡಿ ಚಾಲೂ ಆಗಿತ್ತು, ಆದರೆ ಗೋಕಾಕಕ್ಕಲ್ಲ. ಓಣಿಯವರೆಲ್ಲ ಸೇರಿ ಲಕ್ವಾ, ಅಂದರೆ ಪಾರ್ಶ್ವವಾಯು, ಎಂದು ತೀರ್ಮಾನಿಸಿ, ಎಲ್ಲೋ ಒಂದು ಊರಲ್ಲಿ ಲಕ್ವಾಕ್ಕೆ ಬೇರು ಅರೆದು ಕುಡಿಸುವವನ ಕಡೆ ಹೊರಡಿಸಿದ್ದರು.

"ಅಣ್ಣಾ, ಬಾಯಿ ಸೊಟ್ಟ ಆಗೇತೇನ?"

"ಇಲ್ಲ, ನೆಟ್ಟಗ ಬೈಯಾಕತ್ತಾಳ."

"ಕೈ ಬಿದ್ದೈತೇನ?"

"ಇಲ್ಲ. ಎರಡೂ ಕೈಲೆ ಹೊಡ್ಯಾಕ ಬರಾಕತ್ತಾಳ."

"ಹಂಗಾರ ಮೊದಲ ಗೋಕಾಕಕ್ಕ ಕರಕೊಂಡ ಬಾ. ಲಕ್ವಾ ಇದ್ರೂ ಇಲ್ಲಿಗೇ ಬರಬೇಕು, ಇರದಿದ್ರೂ ಇಲ್ಲಿಗೇ ಬರಬೇಕು. ಬೇರು ಕುಡಿಸಿದಿ ಅಂದ್ರ ನನ್ನ ಕೈಯಾಗ ಸಿಕ್ಕ ಸಾಯ್ತಿ ನೀ!"

ದವಾಖಾನೆಗೆ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಕಾಗದ ನೋಡಿ ನನ್ನ ಮುಖ ನೋಡಿದರು. ಸೋಡಿಯಂ ಎಷ್ಟು ಇಳಿದಿತ್ತೆಂದರೆ ಇನ್ನು ಸ್ವಲ್ಪ ಇಳಿದಿದ್ದರೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುವ ಹಂತ. ಬಿಪಿಯ ಗುಳಿಗೆ ನಿಲ್ಲಿಸಿದರು, ಕುಡಿಯುವ ನೀರಿಗೆ ಮಿತಿ ಹಾಕಿದರು, ಉಪ್ಪಿನ ಸಲೈನನ್ನು ಹನಿ ಹನಿಯಾಗಿ ಹಚ್ಚಿದರು. ಅಣ್ಣನಿಗೆ ಆ ಹನಿ ನೋಡಿ ತಡೆಯಲಾಗಲಿಲ್ಲ. "ಡಾಕ್ಟರ, ಜರಾ ಜೋರ್ ಬಿಡ್ರಲ್ಲ," ಎಂದ. ಹೊಲಕ್ಕೆ ನೀರು ಬಿಡುವುದೆಂದುಕೊಂಡನೋ ಏನೋ. ಉಪ್ಪನ್ನು ಗಡಿಬಿಡಿಯಲ್ಲಿ ಏರಿಸಿದರೆ ಮಿದುಳಿನ ನರಗಳ ಮೇಲಿನ ಹೊದಿಕೆಯೇ ಕಿತ್ತುಹೋಗುತ್ತದೆ, ಆಮೇಲೆ ನುಂಗುವುದಕ್ಕೂ ಬರುವುದಿಲ್ಲ, ನಡೆಯುವುದಕ್ಕೂ ಬರುವುದಿಲ್ಲ ಎಂದು ಡಾಕ್ಟರು ಸಮಾಧಾನದಿಂದ ತಿಳಿಸಿ ಹೇಳಿದರು. ಅಣ್ಣ ಆಮೇಲೆ ಆ ಬಾಟಲಿಯ ಹತ್ತಿರವೂ ಸುಳಿಯಲಿಲ್ಲ.

ವಾರ್ಡಿನ ನರ್ಸು ನನ್ನ ಹಳೆಯ ವಿದ್ಯಾರ್ಥಿನಿ. ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಹಲ್ಲುಕಿರಿದು ಹೇಳಿದಳು, "ಮೇಡಂ, ಇದ ಪ್ರಶ್ನಿಗೆ ನೀವು ನನಗ ಎರಡ ಮಾರ್ಕ್ಸ ಕೊಟ್ಟಿದ್ರಿ."

"ಸೂಜಿ ನೆಟ್ಟಗ ಹೋಗೇತಿ. ಇನ್ನ ಎರಡ ತಗೋ," ಎಂದೆ.

ಆ ರಾತ್ರಿ ಅವ್ವ ನನ್ನನ್ನು ಎಮ್ಮೆಯ ಹೆಸರಿನಿಂದ ಕರೆದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರಿನಿಂದಲೇ ಕರೆದು, ಎಮ್ಮೆ ಹಿಂಡಿದಿರೋ ಇಲ್ಲವೋ ಎಂದು ಕೇಳಿದಳು. ನಾನು ಮೋರೆ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡೆ. ಬುದ್ಧಿ ತಿರುಗಿ ಬರುತ್ತಿತ್ತು. ಆದರೆ ಬುದ್ಧಿ ಬಂದರೆ ಅವ್ವನ ಬುದ್ಧಿಯೇ ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳು ತಲೆಯ ಮೇಲೆ ತೂಗುತ್ತಿದ್ದ ಬಾಟಲಿ ನೋಡಿ ನರ್ಸಿಗೆ ಕೇಳಿದಳು.

"ಇದೇನವಾ ಇದು?"

"ಉಪ್ಪಿನ ನೀರ ರೀ ಆಯಿ. ನಿಮಗ ಉಪ್ಪು ಕಮ್ಮಿ ಆಗಿತ್ತಲ್ಲರಿ," ಎಂದಳು ಆ ಪುಣ್ಯಾತ್ಗಿತ್ತಿ. ಕೊಟ್ಟ ಎರಡು ಮಾರ್ಕ್ಸನ್ನೂ ವಾಪಸು ತೆಗೆದುಕೊಳ್ಳಬೇಕೆನಿಸಿತು.

ಅವ್ವ ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ನಾನು ಕುರ್ಚಿಯಿಂದ ಏಳುವುದರೊಳಗೆ ಸೂಜಿಯನ್ನು ಕಿತ್ತು ಒಗೆದಳು. ಹಾಸಿಗೆಯ ಮೇಲೆ ರಕ್ತ, ನೆಲದ ಮೇಲೆ ಸಲೈನು. ಉಪ್ಪು ಕಡಿಮೆಯಾದಾಗ ಸುಮ್ಮನೆ ಸೂಜಿ ಹಚ್ಚಿಸಿಕೊಂಡಿದ್ದಳು; ಒಳಗೆ ಹೋದ ಉಪ್ಪೇ ಅವಳಿಗೆ ಉಪ್ಪು ಬೇಡ ಎನ್ನುವಷ್ಟು ಬುದ್ಧಿ ಕೊಟ್ಟಿತ್ತು!

ಡಾಕ್ಟರು ಓಡಿಬಂದರು. ಇನ್ನೂ ಸೋಡಿಯಂ ಸಾಕಷ್ಟು ಏರಿಲ್ಲ, ಈಗ ಬಿಟ್ಟರೆ ಮತ್ತೆ ಇಳಿಯಬಹುದು, ಇನ್ನೆರಡು ದಿನವಾದರೂ ಬೇಕು, ಬಾಯಿಂದಲೂ ಉಪ್ಪು ಹೋಗಬೇಕು ಎಂದರು. ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಳು.

"ಅವ್ವಾ, ಸಾಯ್ತಿ ನೀ."

"ಸಾಯ್ಲಿ. ದೇವ್ರಿಗೆ ಕೊಟ್ಟ ಮಾತ ತಪ್ಪಿ ಬದುಕಿ ಏನ ಮಾಡ್ಲಿ? ನೀ ಹೂಂ ಅನ್ನು. ಎರಡೂ ಕೈಗೆ ಹಚ್ಚಸ್ಕೋತೇನಿ."

"ಇದಕ್ಕ ಬ್ಲ್ಯಾಕ್‌ಮೇಲ್ ಅಂತಾರ."

"ಏನರ ಅನಲಿ." ಅವಳ ದನಿ ಒಮ್ಮೆಲೇ ಒಡೆಯಿತು. "ನಿಮ್ಮ ಅಣ್ಣಗ ಹೆಂಡ್ತಿ ಅದಾಳ, ಮಕ್ಕಳದಾವ. ನಾ ಹ್ವಾದ ಮ್ಯಾಲ ನಿನಗ ಯಾರ ಅದಾರ? ಆ ಕ್ವಾಣ್ಯಾಗ ಜ್ವರಾ ಬಂದ ಬಿದ್ರ ಒಂದ ತಂಬಗಿ ನೀರ ಕೊಡಾವ್ರು ಯಾರ?"

ಇಷ್ಟು ದಿನ ಊರವರ ಮಾತಿಗೆ ಹೆದರಿ ಹೀಗೆ ಮಾಡುತ್ತಾಳೆ ಎಂದು ತಿಳಿದಿದ್ದೆ. ಅವಳು ಹೆದರಿದ್ದು ನನ್ನ ಜ್ವರಕ್ಕೆ. ನನಗೋ ಅವಳ ಜೀವದ ಹೆದರಿಕೆ. ಇಬ್ಬರೂ ಹೆದರಿಕೊಂಡು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕೂತೆವು.

ಕಡೆಗೆ ಅಣ್ಣ ಯಮಕನಮರಡಿಯ ಅಯ್ಯನವರಿಗೆ ಫೋನ್ ಹಚ್ಚಿದ. ನಮ್ಮ ಮನೆತನದ ಹುಟ್ಟು ಸಾವು ಮದುವೆ ಎಲ್ಲಕ್ಕೂ ಬರುವ ಹಿರಿಯ ಜಂಗಮರು ಅವರು. ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಟ್ಟ. ಪಕ್ಕದ ಹಾಸಿಗೆಯ ಪೇಶೆಂಟು, ಅವರ ಮನೆಯವರು, ನರ್ಸು, ಎಲ್ಲರೂ ಕಿವಿ ನೆಟ್ಟಗೆ ಮಾಡಿದರು.

ಅಯ್ಯನವರು ಮೊದಲು ಹಗುರಾಗಿ ತೆಗೆದುಕೊಂಡರು. "ಯವ್ವಾ, ಅದು ನಾಲಿಗಿಗೆ ಹತ್ತಿಲ್ಲ, ಗಂಟಲದಾಗ ಇಳದಿಲ್ಲ. ನರದಾಗ ಹ್ವಾದದ್ದು ಊಟ ಹೆಂಗ ಆಗತೈತಿ? ಹಚ್ಚಿಸ್ಕೋರಿ."

"ಅಯ್ಯಾರ, ಕಳವು ಮುಂದಿನ ಬಾಗಲದಾಗ ಮಾಡಿದ್ರ ಅಷ್ಟ ಕಳವೇನ್ರಿ? ಹಿತ್ತಲದಾಗ ಹೊಕ್ಕರೂ ಕಳವ," ಎಂದಳು ಅವ್ವ.

ಪಕ್ಕದ ಹಾಸಿಗೆಯವರು ಹೌದೌದು ಎಂದು ತಲೆಯಾಡಿಸಿದರು. ನನಗೆ ಅವರ ಸಲೈನನ್ನೂ ಕಿತ್ತೊಗೆಯಬೇಕೆನಿಸಿತು.

ಅಯ್ಯನವರು ಕೆಮ್ಮಿದರು. ಆಮೇಲೆ, "ಹಂಗಾರ ಒಂದ ದಾರಿ ಐತ್ರಿ. ಹೊತ್ತಾವ್ರ ಕೈಲಾಗದಿದ್ರ ಅದ ಮನಿತನದಾವ್ರು ಮತ್ತೊಬ್ಬರು ಹರಕಿ ಹೊರಬಹುದು. ದೇವ್ರು ಮಾತ ನೋಡ್ತಾನ, ಬಾಯಿ ಯಾರದು ಅಂತ ನೋಡಾಂಗಿಲ್ಲ," ಎಂದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಣ್ಣ ತಲೆಯೆತ್ತಿ ಫ್ಯಾನು ತಿರುಗುವುದನ್ನು ಪರೀಕ್ಷಿಸತೊಡಗಿದ. ವೈನಿ, "ನನಗ ಮೊದಲ ಆಸಿಡಿಟಿರೀ ಅತ್ಯಾರ," ಎಂದಳು. ಆಸಿಡಿಟಿಗೂ ಉಪ್ಪಿಗೂ ಏನು ಸಂಬಂಧ ಎಂದು ಕೇಳುವ ಹೊತ್ತಲ್ಲ ಅದು.

"ನಾ ಹೊರತೇನಿ," ಎಂದೆ.

ಅವ್ವ ಬೆಚ್ಚಿಬಿದ್ದಳು. "ನೀನ? ಉಪ್ಪಿನಕಾಯಿ ಭರಣಿ ನೆಕ್ಕಾಕಿ ನೀನ?"

"ಹೌದು ನಾನ. ನನ್ನ ತಲೀ ಮ್ಯಾಲ ಅಕ್ಕಿಕಾಳ ಬೀಳೂತನಾ ನಾ ಉಪ್ಪು ಮುಟ್ಟಾಂಗಿಲ್ಲ. ಈಗರ ಕೈ ಹೊರಗ ತಗಿ."

ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು, ಅಣ್ಣ ನನ್ನ ಹಣೆಗೆ ವಿಭೂತಿ ಬಳಿದ. ಅವ್ವ ನಿಧಾನಕ್ಕೆ ಸೆರಗಿನಿಂದ ಕೈ ಹೊರಗೆ ತೆಗೆದಳು. ಸಂಜೆ ಉಪ್ಪು ಹಾಕಿದ ಗಂಜಿಯ ಮೊದಲ ಚಮಚ ಬಾಯಿಗಿಟ್ಟಾಗ ಅವಳು ಕಣ್ಣು ಮುಚ್ಚಿದಳು, ನುಂಗಲು ಬಹಳ ಹೊತ್ತು ತೆಗೆದುಕೊಂಡಳು. ನಾನು ಪಕ್ಕದಲ್ಲಿ ಸಪ್ಪನೆಯ ಗಂಜಿ ಹಿಡಿದು ಕೂತಿದ್ದೆ.

ನನಗೇನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಡಾಕ್ಟರೂ ಹೂಂ ಎಂದಿದ್ದರು. ನಾನು ನೀರಿನ ಗುಳಿಗೆ ನುಂಗುವವಳಲ್ಲ. ಹೊರಗಿನಿಂದ ಉಪ್ಪು ಬಾರದಿದ್ದರೆ ಗಟ್ಟಿ ಮೂತ್ರಪಿಂಡಗಳು ಇದ್ದ ಉಪ್ಪನ್ನೇ ಬಿಗಿಹಿಡಿದು ಕೂಡುತ್ತವೆ, ಮತ್ತೆ ಹಾಲಿನಲ್ಲಿ ಸೊಪ್ಪಿನಲ್ಲಿ ತನ್ನಷ್ಟಕ್ಕೆ ಇರುವ ಉಪ್ಪು ಇದ್ದೇ ಇರುತ್ತದೆ. ನೀರನ್ನಂತೂ ನೀರಡಿಕೆಯಾದರೆ ಮಾತ್ರ ಕುಡಿಯುತ್ತಿದ್ದೆ. ಖರೆ ಹೇಳಬೇಕೆಂದರೆ ಕದ್ದು ತಿನ್ನುವ ಯೋಚನೆಯೂ ಇತ್ತು. ಗೋಕಾಕದಲ್ಲಿ ನನ್ನನ್ನು ನೋಡುವವರು ಯಾರು? ಒಂದು ಸಂಜೆ ಚಿಪ್ಸಿನ ಪಾಕೀಟು ಒಡೆದೆ, ಮೂಸಿದೆ, ಕಡೆಗೆ ಕಾಲೇಜಿನ ಹುಡುಗಿಯರಿಗೆ ಹಂಚಿಬಿಟ್ಟೆ. ದೇವರ ಭಯ ನನಗೆ ಅಷ್ಟಿಲ್ಲ. ಅವ್ವನ ಎದುರಿಗೆ ಹೇಳಿದ ಮಾತು, ಅದನ್ನು ನಂಬಿ ಅವಳು ಚಾಚಿದ ಕೈ, ಅವು ಬಿಡಲಿಲ್ಲ. ಕರದಂಟು ತಿಂದು ಸಮಾಧಾನ ಮಾಡಿಕೊಂಡೆ. ಗೋಕಾಕದಲ್ಲಿದ್ದದ್ದಕ್ಕೆ ಅಷ್ಟಾದರೂ ಲಾಭ.

ಅವ್ವ ಬೇರೆ ಗುಳಿಗೆಯೊಂದಿಗೆ ಮನೆ ಸೇರಿದಳು. ದಿನಾ ಫೋನ್ ಬರುತ್ತಿತ್ತು.

"ಏನ್ ಉಂಡಿ?"

"ಸಪ್ಪನ್ನ ಬ್ಯಾಳಿ, ಸಪ್ಪನ್ನ ಅನ್ನ."

ಆ ಕಡೆ ಸುಮ್ಮನೆ. ಆ ಸುಮ್ಮನೆ ಇರುವುದನ್ನು ನಾನು ಮನಸಾರೆ ಸವಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳ ಬಡಿಗೆ ಈಗ ನನ್ನ ಕೈಯಲ್ಲಿತ್ತು. ರವಿವಾರ ಊರಿಗೆ ಹೋದಾಗ ಅವಳ ಎದುರಿಗೇ ಕೂತು, ಉಪ್ಪಿಲ್ಲದ ಝುಣಕ ನೆಂಚಿಕೊಂಡು, "ವ್ಹಾ ವ್ಹಾ, ಏನ ರುಚಿ ಆಗೇತಿ!" ಎನ್ನುತ್ತಿದ್ದೆ. ಅವ್ವನ ಕೈ ಬಾಯಿಗೆ ಹೋಗುವುದು ನಡುವೆಯೇ ನಿಲ್ಲುತ್ತಿತ್ತು. "ಬಾಯಿ ಮುಚ್ಚಿಕೊಂಡ ಉಣ್ಣ," ಎಂದು ಗದರುತ್ತಿದ್ದಳು. ಬರಬರುತ್ತ ನಾನು ಬಂದ ದಿನ ಉಪ್ಪಿನಕಾಯಿಯ ಭರಣಿಯನ್ನು ನನಗೆ ಕಾಣದಂತೆ ಗೋಡೆಯ ಮಾಡದ ಮೇಲೆ ಮುಚ್ಚಿಡತೊಡಗಿದಳು.

ಆದರೆ ಸಪ್ಪನೆಯ ಊಟ ಸುಮ್ಮನೆ ಬಿಡುವುದಿಲ್ಲ. ನಾಲಗೆಯ ಜೊತೆ ಮನಸ್ಸೂ ಸಪ್ಪಗಾಗುತ್ತದೆ. ಯಾವುದರ ಮೇಲೂ ಆಸೆ ಉಳಿಯುವುದಿಲ್ಲ, ಉಳಿದರೆ ಬರೀ ಸಿಟ್ಟು. ಹುಡುಗಿಯರು ನನ್ನ ಮುಖ ನೋಡಿ ಅಂದಾಜು ಮಾಡಿ ಹಾಜರಿ ಹೇಳುತ್ತಿದ್ದರು. ಬೆಳಿಗ್ಗೆ ಎದ್ದರೆ ನೆನಪಾಗುತ್ತಿದ್ದದ್ದು ಹಸಿಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ ಕುಟ್ಟಿದ ಖಾರ.

ಇಂಥ ಹೊತ್ತಿನಲ್ಲಿ ಹುಕ್ಕೇರಿಯ ಗಂಡಿನವರು ಬಂದರು. ನೋಡಿದರೆ ಬೈಯಲು ಒಂದು ಕೊರತೆ ಸಿಗಬಾರದೇ? ಹೈಸ್ಕೂಲಿನಲ್ಲಿ ಮಾಸ್ತರು. ನೌಕರಿ ಬಿಡಿ ಎನ್ನಲಿಲ್ಲ. ನಾನು ಮಾಡಿದ ಚೇಷ್ಟೆಗೆ ನಕ್ಕರೂ ನಕ್ಕರು. ಅವರ ತಾಯಿ ನಮ್ಮ ಅವ್ವನ ತಬ್ಬೇತಿ ಹೇಗಿದೆ ಎಂದು ಎರಡೆರಡು ಸಲ ವಿಚಾರಿಸಿದರು. ಅಣ್ಣ ಪಡಸಾಲೆಯಿಂದ ಎದ್ದುಬಂದು ಅಡುಗೆಮನೆಯಲ್ಲಿದ್ದ ನನ್ನ ಕಿವಿಯಲ್ಲಿ, "ಅವ್ರಿಗೆಲ್ಲಾ ಪಸಂದ ಐತಿ. ಹೂಂ ಅನ್ನು ತಂಗಿ. ಲಗೂನ ಅಕ್ಕಿಕಾಳ ಹಾಕಸೂಣು. ಆಮ್ಯಾಲ ಎಷ್ಟ ಬೇಕ ಅಷ್ಟ ಉಪ್ಪು," ಎಂದು ಹೋದ.

ಒಲೆಯ ಮೇಲೆ ಬೀಗರ ಊಟಕ್ಕೆಂದು ಮಾಡಿದ ಎಣ್ಣೆಗಾಯಿ ಬದನೆಕಾಯಿ. ಶೇಂಗಾ, ಗುರೆಳ್ಳು, ಖಾರ, ಉಪ್ಪು ಎಲ್ಲ ಕೂಡಿ ಎಣ್ಣೆ ಬಿಡುತ್ತಿತ್ತು. ನನ್ನ ಬಾಯಲ್ಲಿ ನೀರು. ನಾಲಗೆಯ ತುದಿಗೆ ಹೂಂ ಬಂದು ಕೂತಿತ್ತು.

ಅವ್ವ ಒಳಗೆ ಬಂದಳು. "ಏನ ಅಂತಿ?"

"ಹೂಂ ಅನಬೇಕಂತ ಮಾಡೇನಿ."

ಈ ಒಂದು ಮಾತಿಗೆ ಅವಳು ಎಷ್ಟು ವರ್ಷ ಕಾದಿದ್ದಳು! ಅದಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟವಳು. ಕುಣಿದಾಡುತ್ತಾಳೆ ಎಂದುಕೊಂಡರೆ, ಹೊಸ್ತಿಲಲ್ಲೇ ನಿಂತು ನನ್ನ ಮುಖವನ್ನೇ ನೋಡಿದಳು.

"ಹುಡುಗ ಹೆಂಗ ಅದಾನ?"

"ಛಲೋ ಅದಾನ."

"ಮಾರಿ ಹೆಂಗೈತಿ?"

ಹೇಳಲು ಬಾಯಿ ತೆರೆದೆ. ಏನೂ ಹೊಳೆಯಲಿಲ್ಲ. ಚಹಾ ಕೊಟ್ಟು ಈಗಷ್ಟೇ ಎದ್ದು ಬಂದಿದ್ದೆ, ಎದುರಿಗೇ ಕೂತು ಮಾತಾಡಿದ್ದೆ, ಆದರೂ ಮೀಸೆ ಇತ್ತೋ ಇಲ್ಲವೋ ಎಂಬುದೂ ನೆನಪಿಗೆ ಬರಲಿಲ್ಲ. ಕಣ್ಣ ಮುಂದೆ ಬದನೆಕಾಯಿ ಬಿಟ್ಟು ಬೇರೆ ಏನೂ ಇರಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿದಳು. ತಾಟು ತೆಗೆದು ಬಿಸಿರೊಟ್ಟಿ ಹಾಕಿದಳು, ಎರಡು ಬದನೆಕಾಯಿ ಹಾಕಿದಳು, ಮಾಡದ ಮೇಲಿನ ಭರಣಿ ಇಳಿಸಿ ಉಪ್ಪಿನಕಾಯಿ ಹಾಕಿದಳು. ನನ್ನ ಮುಂದಿಟ್ಟು, ತಾನೂ ನೆಲದ ಮೇಲೆ ಕೂತಳು.

"ಉಣ್ಣು."

"ಹರಕಿ?"

"ಹೊತ್ತಾಕಿ ನಾ, ಇಳಸಾಕಿನೂ ನಾ. ದೇವ್ರ ಜೋಡಿ ನಾ ಮಾತಾಡ್ತೇನಿ. ನೀ ಮೊದಲ ಉಣ್ಣು. ಉಂಡ ಮ್ಯಾಲ ಹೂಂ ಅಂತಿಯೋ ಒಲ್ಲೆ ಅಂತಿಯೋ ಹೇಳು. ಉಪ್ಪಿನ ಸಲುವಾಗಿ ನನ್ನ ಮಗಳು ಯಾರ ಮನೀಗೂ ಹೋಗೂದು ಬ್ಯಾಡ."

ಮೊದಲ ತುತ್ತು ಬಾಯಿಗಿಟ್ಟೆ. ಕಣ್ಣಲ್ಲಿ ದಳದಳ ನೀರು ಬಂತು. ಖಾರಕ್ಕೋ, ಅವ್ವನ ಮಾತಿಗೋ, ಕೇಳುವವರು ಯಾರೂ ಇರಲಿಲ್ಲ. ಹೊರಗಿನಿಂದ ಅಣ್ಣ ಕೆಮ್ಮಿದ, ಮತ್ತೆ ಕೆಮ್ಮಿದ, ಕಡೆಗೆ ಬಾಗಿಲು ಬಡಿದು, "ಅವ್ವಾ, ಅವ್ರು ಕಾಯಾಕತ್ತಾರ," ಎಂದ.

"ಆಕೀ ಉಣ್ಣಾಕತ್ತಾಳ. ತಡೀರಿ ಅನ್ನು," ಎಂದಳು ಅವ್ವ ಕೂತಲ್ಲಿಂದಲೇ.

ಒಂದು ರೊಟ್ಟಿ ಮುಗಿಯಿತು. ಬದನೆಕಾಯಿಯ ತೊಟ್ಟನ್ನೂ ಚೀಪಿ ಇಟ್ಟೆ. ಹೊಟ್ಟೆ ತಣ್ಣಗಾಯಿತು, ತಲೆ ತಿಳಿಯಾಯಿತು. ನಾಲಗೆಯ ತುದಿಯಲ್ಲಿ ಕೂತಿದ್ದ ಹೂಂ ರೊಟ್ಟಿಯ ಜೊತೆಗೇ ಇಳಿದುಹೋಗಿತ್ತು. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಈಗ ಹೇಳು."

"ಒಲ್ಲೆ, ಅವ್ವಾ."

ಅವಳ ಮುಖ ಬಾಡಿತು. ಬಾಡಲಿಲ್ಲ ಎಂದು ನಾನು ಹೇಳಲಾರೆ. ಮೊಣಕಾಲ ಮೇಲೆ ಕೈಯೂರಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಪಡಸಾಲೆಗೆ ಹೋದಳು. ಅವಳ ದನಿ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹುಡುಗಿ ಒಲ್ಲೆ ಅಂತಾಳ್ರಿ. ನಿಮ್ಮದೇನೂ ತಪ್ಪಿಲ್ಲರಿ, ಬಂಗಾರದಂಥಾ ಹುಡುಗ. ಆದ್ರ ಒಲ್ಲೆ ಅಂತಾಳ. ಅಡಗಿ ಆಗೇತಿ, ಊಟಾ ಮಾಡೇ ಹೋಗಬೇಕ್ರಿ."

ಅಣ್ಣ ಏನೋ ಒದರಾಡಿದ. ಅವ್ವ ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಅದೇ ರೊಟ್ಟಿಯ ಅಂಚು ಮುರಿದು ತನ್ನ ಬಾಯಿಗೂ ಇಟ್ಟುಕೊಂಡಳು.